ಶವಾಸನಕ್ಕೂ ಒಂದು ಟೋಕನ್

"ಐದನೇ ಕ್ಲಾಸು ದಾಟದೋಳು ಊರಿಗೆಲ್ಲ ಯೋಗ ಹೇಳ್ಕೊಡ್ತಾಳಂತೆ! ಮೂರು ದಿನ ನಡೆಸ್ಲಿ, ನೋಡಾನ," ಅಂತ ನಮ್ಮತ್ತೆ ಬೇತಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ಕೇಳುವ ಹಾಗೆ ಹೇಳಿದ್ದರು. ನಡೆಸಿದೆ. ಇವತ್ತಿಗೂ ನಡೆಸುತ್ತಿದ್ದೇನೆ. ಆದರೆ ನಾನು ಚಾಪೆ ಹಾಸಿದ ಕಡೆಯೆಲ್ಲ ಹೊಟ್ಟೆ ಹಿಡಿದು ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ನಾನು ಕರೆಯುವುದಿಲ್ಲ, ಅದೇ ಹುಡುಕಿಕೊಂಡು ಬರುತ್ತದೆ!

ಹರಿದ ಪುಟ

ನನ್ನ ಗುರು ಒಂದು ಪುಸ್ತಕ. ಕೂಲಿಗೆ ಹೋಗಿ ಹೋಗಿ ಸೊಂಟ ಹಿಡಿದುಕೊಂಡಾಗ ರಾಬರ್ಟ್‌ಸನ್‌ಪೇಟೆಯ ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಅಂಗಾತ ಮಲಗಿ, ಎರಡೂ ಕಾಲೆತ್ತಿ, ತಲೆಯ ಹಿಂದೆ ನೆಲಕ್ಕೆ ಮುಟ್ಟಿಸಬೇಕು ಅಂತ ಇತ್ತು. ಮುಟ್ಟಿಸಿಯೇ ಬಿಟ್ಟೆ! ಏನು ಖುಷಿ! ವಾಪಸ್ ಬರುವುದು ಹೇಗೆ ಅನ್ನುವ ಪುಟ ಮಾತ್ರ ಹರಿದುಹೋಗಿತ್ತು. ಮೈ ಹಾಗೇ ಹಿಡಿದುಕೊಂಡಿತು. ಅಷ್ಟರಲ್ಲಿ ನಮ್ಮತ್ತೆ ಒಳಗೆ ಬಂದು, ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನಮ್ಮೀ, ನಿನ್ನ ಮೊಕ ಯಾವ ಕಡೆ ಐತೆ? ಎಲ್ಲಿ ನಿಂತು ಬಯ್ಲಿ?" ಅಂದರು.

ಹಸುವಿಗೆ ಭ್ರಾಮರಿ

ಮೈಯನ್ನು ಗದರಿಸಬಾರದು, ಪುಸಲಾಯಿಸಬೇಕು. ಆಗ ನೋವು ತಾನಾಗಿ ಸಡಿಲವಾಗುತ್ತದೆ. ಸೊಂಟನೋವು ನನಗೆ ಕಲಿಸಿದ್ದು ಇಷ್ಟೇ, ನಾನು ಎಲ್ಲರಿಗೂ ಹೇಳುವುದೂ ಇಷ್ಟೇ. ಬಂಗಾರಪೇಟೆಯ ನನ್ನ ಕ್ಲಾಸಿಗೆ ಡೈರಿಗೆ ಹಾಲು ಹಾಕುವ ಒಬ್ಬಾಕೆ ತಲೆನೋವು ಅಂತ ಬರುತ್ತಿದ್ದಳು. ದುಂಬಿಯ ಹಾಗೆ ಹೂಂಗುಟ್ಟುವ ಭ್ರಾಮರಿ ಹೇಳಿಕೊಟ್ಟೆ. ಆಕೆ ಹಾಲು ಕರೆಯುವಾಗಲೂ ಹೂಂಗುಟ್ಟಿದಳು. ತಲೆನೋವು ಇಳಿಯಿತು, ಒದೆಯುತ್ತಿದ್ದ ಹಸುವೂ ತೆಪ್ಪಗೆ ನಿಂತಿತು!

ಒಂದು ಬೆಳಿಗ್ಗೆ ಆಕೆಯ ಗಂಡ ಕುಂಟುತ್ತಾ ಬಂದ.

"ಏನಣ್ಣ, ಮಂಡಿ ನೋವಾ?"

"ಮಂಡಿ ಅಲ್ಲಕ್ಕ, ಹಸ ಒದ್ದೈತೆ. ಅವ್ಳು ತವರಿಗೆ ಓಗವ್ಳೆ. ನಂಗೆ ಯೋಗ ಗೀಗ ಬ್ಯಾಡ, ಆ ಹೂಂ ಒಂದು ಹೇಳ್ಕೊಡು."

ಹೇಳಿಕೊಟ್ಟೆ. ಆತ ಹೂಂಗುಟ್ಟಿದರೆ ಲಾರಿ ಹೊರಟ ಹಾಗಿತ್ತು. "ಇನ್ನೂ ಸಣ್ಣ ದನಿಯಲ್ಲಿ," ಅಂದೆ.

"ದನಿ ಸಾಕಾ ಅಕ್ಕ, ಇಲ್ಲ ಅವ್ಳ ಸೀರೇನೂ ಉಟ್ಕೊಂಬೇಕಾ?"

ಆಳು ಒಳಗವ್ರೆ

ಇನ್ನು ಚಿನ್ನದ ಗಣಿಯ ಕಾಲೊನಿ ಕೋರಮಂಡಲ್‌ನದ್ದು. ಅಲ್ಲೊಂದು ಸಂಘದ ಹಾಲ್ ನನಗೆ ಸಿಕ್ಕಿತ್ತು. "ಯುಗಾದಿವರೆಗೂ ನೋಡ್ತೀವಮ್ಮ. ಜನ ಸೇರದಿದ್ರೆ ಬೀಗ," ಅಂದಿದ್ದರು ಸಂಘದ ಅಧ್ಯಕ್ಷರು. ಹಾಲ್ ಹೋದರೆ ನನಗೆ ಮತ್ತೆ ಕೂಲಿಯೇ ಗತಿ.

ಗಣಿಯಲ್ಲಿ ದುಡಿದಿದ್ದ ಒಬ್ಬ ತಾತ ಅಲ್ಲಿಗೆ ಬರುತ್ತಿದ್ದರು. ಶವಾಸನಕ್ಕೆ ಮಲಗಿ ಅಂದರೆ ಮಲಗರು. ಜೇಬಿನಿಂದ ಹಳೇ ಹಿತ್ತಾಳೆ ಟೋಕನ್ ತೆಗೆದು ಗೋಡೆಯ ಮೊಳೆಗೆ ತಗುಲಿಸಿದ ಮೇಲೇ ಮಲಗುವುದು. ಗಣಿಗೆ ಇಳಿಯುವಾಗ ಟೈಮ್ ಆಫೀಸಿನಲ್ಲಿ ಟೋಕನ್ ಕೊಟ್ಟು, ಮೇಲೆ ಬಂದಾಗ ಇಸಿದುಕೊಂಡು ಅವರಿಗೆ ಅಭ್ಯಾಸ. "ಶವ ಅಂತ ಹೆಸ್ರಿಟ್ಟವ್ರೆ ಟೀಚರಮ್ಮ. ಇಳಿದೋನು ತಿರುಗಿ ಬಂದ್ನಾ ಇಲ್ವಾ, ಲೆಕ್ಕ ಬ್ಯಾಡ್ವಾ?" ಮಾರನೇ ದಿನದಿಂದ ಹೆಂಗಸರೂ ಮನೆಯ ಬೀಗದ ಕೈ ಮೊಳೆಗೆ ತಗುಲಿಸಿ ಮಲಗತೊಡಗಿದರು.

ಯುಗಾದಿ ಹತ್ತಿರ ಬಂತು. ಅಧ್ಯಕ್ಷರು ನೋಡಲು ಬರುವ ದಿನ ಹಾಲ್ ತುಂಬಿತ್ತು! ಎಲ್ಲರೂ ಶವಾಸನದಲ್ಲಿದ್ದಾಗ ಬೀದಿಯಿಂದ ಯಾರೋ ತಮಿಳಿನಲ್ಲಿ ಕೂಗಿದರು: "ತಣ್ಣಿ ವಂದುಚ್ಚು!" ನಲ್ಲಿಗೆ ನೀರು ಬಂದಿತ್ತು. ಕೊಡಗಳು ಆಗಲೇ ನಲ್ಲಿಯ ಮುಂದೆ ಸಾಲಿನಲ್ಲಿದ್ದವು; ಬೀಗದ ಕೈಗಳನ್ನು ಮೊಳೆಯಲ್ಲೇ ಬಿಟ್ಟು ಶವಗಳೆಲ್ಲ ಎದ್ದು ಓಡಿದವು. ಅಧ್ಯಕ್ಷರು ಬೀಗ ಹಿಡಿದು ಒಳಗೆ ಬಂದಾಗ ಇದ್ದದ್ದು ನಾನು, ತಾತ ಮತ್ತು ಖಾಲಿ ಚಾಪೆಗಳು.

"ಜನ ಎಲ್ಲಿ ತಾಯಿ?"

ನೀರಿಗೆ ಹೋದರು ಅಂದರೆ ಯಾರು ನಂಬುತ್ತಾರೆ? ತಾತ ಮಲಗಿದ್ದಲ್ಲಿಂದಲೇ ಗೋಡೆ ತೋರಿಸಿದರು. "ಅಲ್ನೋಡಿ ಸಾರ್. ಗಣಿ ಟೈಮ್ ಆಫೀಸ್‌ನಾಗೆ ಇದ್ದೋರು ನೀವು. ಟೋಕನ್ ನೇತಾಡ್ತಿದ್ರೆ ಏನರ್ಥ?"

ಅಧ್ಯಕ್ಷರು ತಮಗೆ ಗೊತ್ತಿಲ್ಲದೆಯೇ ನೆಟ್ಟಗೆ ನಿಂತು, "ಆಳು ಒಳಗವ್ರೆ," ಅಂದರು.

"ಆಳು ಒಳಗಿರೋವಾಗ ಬೀಗ ಜಡೀತಾರಾ?"

ಅಷ್ಟರಲ್ಲಿ ಹೆಂಗಸರು ಒದ್ದೆ ಸೆರಗು ಹಿಂಡಿಕೊಳ್ಳುತ್ತಾ ಬಂದು, ಏನೂ ಆಗದವರ ಹಾಗೆ ಮತ್ತೆ ಮಲಗಿದರು. ಅಧ್ಯಕ್ಷರು ನಕ್ಕುಬಿಟ್ಟರು. ತಂದಿದ್ದ ಬೀಗದ ಕೈಯನ್ನು ತಾವೂ ಒಂದು ಮೊಳೆಗೆ ತಗುಲಿಸಿ, ಮೂಲೆಯ ಚಾಪೆಯ ಮೇಲೆ ಮಲಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಶುರು.

"ಎಬ್ಬಿಸ್ಲಾ ತಾತ?"

"ಬ್ಯಾಡ ಟೀಚರಮ್ಮ. ಪಾಪ, ಆಫೀಸಿನೋನು. ಮೊದಲ್ನೇ ಸಲ ಕೆಳಕ್ಕಿಳಿದವ್ನೆ."

ಹಾಲ್ ಈಗಲೂ ಸಂಘದ್ದೇ. ಅದರೊಳಗಿನ ಚಾಪೆಗಳು, ಬಾಗಿಲ ಮೇಲೆ ನನ್ನ ಹೆಸರಿರುವ ಬೋರ್ಡು, ಇವು ನನ್ನವು. ಅವಕ್ಕಾಗಿ ತವರಿನ ಓಲೆ ಮಾರಿದೆ. ತೂತು ಮುಚ್ಚದಿರಲಿ ಅಂತ ಕಿವಿಯಲ್ಲಿ ಬೇವಿನ ಕಡ್ಡಿ ಇದೆ.