ಮಾವಶಿಯ ಸೂಟಿ ಪಗಾರ

ಬೇರೆಯವರ ಸಂಬಳ ನಿಗದಿ ಮಾಡುವುದರಲ್ಲಿ ನನಗಿರುವ ಹಿಡಿತ ನನ್ನ ಸಂಬಳದ ಮೇಲೆ ಎಂದೂ ಇರಲಿಲ್ಲ. ಬಂದ ದಿನವೇ ಅದನ್ನು ಹೆಂಡತಿಯ ಕೈಗಿಟ್ಟು, ಆಕೆ ಮರಳಿ ಕೊಟ್ಟ ಕೈಖರ್ಚನ್ನು ಜೇಬಿಗಿಳಿಸಿ ಸುಮ್ಮನಾಗುವ ಜಾತಿ ನನ್ನದು. ಆದರೆ ನಾಗಪುರದ ಸದರ್ ಬಡಾವಣೆಯಲ್ಲಿದ್ದ ನಮ್ಮ ಲೆಕ್ಕಪತ್ರದ ಕಚೇರಿಯಲ್ಲಿ ನನ್ನನ್ನು ನೀವು ನೋಡಬೇಕಿತ್ತು. ಮುಖ ಕಾಣದ ಎಷ್ಟೋ ಜನರ ವೇತನ, ಭತ್ಯೆ, ಕಡಿತಗಳನ್ನು ಚಹಾ ಆರುವುದರೊಳಗೆ ಇತ್ಯರ್ಥ ಮಾಡುತ್ತಿದ್ದೆ. ಇಂಥ ನನಗೆ ಮಣ್ಣು ಮುಕ್ಕಿಸಿದ್ದು ನಮ್ಮ ಮಗನನ್ನು ನೋಡಿಕೊಳ್ಳಲು ಬರುತ್ತಿದ್ದ ಶೇವಂತಾಬಾಯಿಯ ಪಗಾರ.

ನನ್ನ ಹೆಂಡತಿ ಸುನಂದಾ ಶಾಲೆಯ ಮಾಸ್ತರಿಣಿ. ಆಕೆ ಶಾಲೆಗೆ ಹೊರಟ ಮೇಲೆ ಮೂರು ವರ್ಷದ ಮಗ ಮನುವನ್ನು ಹಿಡಿಯುವವರು ಬೇಕಲ್ಲ, ಅದಕ್ಕೆ ಶೇವಂತಾಬಾಯಿ. ಮನುವಿಗೆ ಆಕೆ 'ಮಾವಶಿ', ಅಂದರೆ ಮರಾಠಿಯ ಚಿಕ್ಕಮ್ಮ, ಹಾಗಾಗಿ ನಮಗೂ ಮಾವಶಿಯೇ. ಧಾರವಾಡದ ಅಪ್ಪ ಅಮ್ಮನಿಗೆ ಹುಟ್ಟಿದ ಆ ಹುಡುಗ ಹಸಿವೆಯಾದರೆ ಮರಾಠಿಯಲ್ಲಿ ಅಳುತ್ತಿದ್ದ, ಹೊಟ್ಟೆ ತುಂಬಿದ ಮೇಲೆ ಕನ್ನಡಕ್ಕೆ ಬರುತ್ತಿದ್ದ. ಅಷ್ಟರ ಮಟ್ಟಿಗೆ ಅವನು ಆಕೆಯ ಮಗನಾಗಿದ್ದ. ಗೊತ್ತು ಮಾಡಿಕೊಳ್ಳುವಾಗ ತಿಂಗಳ ಪಗಾರ ಮಾತಾಡಿದ್ದೆವೇ ಹೊರತು, ಶಾಲೆಗೆ ಬೇಸಿಗೆ ಸೂಟಿ ಬಿಟ್ಟರೆ ಏನು ಗತಿ ಎಂದು ಯಾರಿಗೂ ಹೊಳೆದಿರಲಿಲ್ಲ. ನಾಗಪುರದ ಬೇಸಿಗೆ ಸೂಟಿ ಎಂದರೆ ಸಣ್ಣದಲ್ಲ. ಆ ಬಿಸಿಲಿಗೆ ಶಾಲೆ ಏನು, ಕಾಗೆಗಳೂ ಸೂಟಿ ತಗೊಳ್ಳುತ್ತವೆ.

ಪರೀಕ್ಷೆ ಮುಗಿಯುತ್ತಿದ್ದಂತೆ ಮನೆಯಲ್ಲಿ ಚರ್ಚೆ ಎದ್ದಿತು. ಸೂಟಿಯಲ್ಲಿ ಸುನಂದಾ ಮನೆಯಲ್ಲೇ ಇರುತ್ತಾಳೆ, ಮಾವಶಿಗೆ ಕೆಲಸವಿಲ್ಲ. ಕೆಲಸವಿಲ್ಲ ಅಂದಮೇಲೆ ಪಗಾರ ಯಾವ ನಿಯಮದ ಪ್ರಕಾರ ಎಂದು ನಾನು ಕೇಳಿದೆ.

"ನನಗ ಸೂಟಿ ಪಗಾರ ಬರ್ತೈತೋ ಇಲ್ಲೋ?" ಎಂದಳು ಸುನಂದಾ. "ಮನ್ಯಾಗ ಕೂತು ಮಾವಿನಹಣ್ಣ ತಿನ್ಕೋತ ತಗೋತೀನಿ. ನಮ್ಮ ಸಾಲಿ ಬಾಗಲಾ ಹಾಕಿದ್ರ ಆಕಿ ಯಾಕ ಒಲಿ ಆರಿಸ್ಬೇಕ್ರೀ?"

"ನಿಂದು ಖಾಯಂ ನೌಕರಿ. ಆಕೀದು ಹಂಗಲ್ಲ."

"ಮನೂಗ ಹೇಳ್ರಿ ಅದನ್ನ, ಮಾವಶಿ ಖಾಯಂ ಅಲ್ಲಂತ."

ಕೊನೆಗೆ ನಾನು ಕಚೇರಿಯ ಜ್ಞಾನವನ್ನೆಲ್ಲ ಹಿಂಡಿ ಒಂದು ತೀರ್ಪು ಕೊಟ್ಟೆ: ಸೂಟಿ ಮುಗಿಯುವವರೆಗೆ ಅರ್ಧ ಪಗಾರದ ರಜೆ. ಇದರಲ್ಲಿ ನ್ಯಾಯವೂ ಇದೆ, ಉಳಿತಾಯವೂ ಇದೆ ಎಂದು ನನಗೇ ನನ್ನ ಬಗ್ಗೆ ಅಭಿಮಾನವೆನಿಸಿತು. ಮಾವಶಿ ಸೆರಗಿನ ತುದಿಯಿಂದ ಕತ್ತು ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿ, "ಠೀಕ್ ಹೈ ಸಾಹೇಬ್" ಎಂದಳು. ಹೋಗುವಾಗ ಮಾತ್ರ, ಸಾವನೇರಿನ ತಂಗಿಯ ಮನೆಗೆ ಹೊರಟಿದ್ದೇನೆ, ಅಲ್ಲೂ ಮಕ್ಕಳ ಕೆಲಸಕ್ಕೆ ಕರೆಯುವವರಿದ್ದಾರೆ, ನೋಡೋಣ ಎಂದಳು. ಆ 'ನೋಡೋಣ' ನನ್ನ ಎದೆಯಲ್ಲಿ ಸಣ್ಣ ಮುಳ್ಳಿನ ಹಾಗೆ ಉಳಿಯಿತು. ಆಕೆ ಬರದಿದ್ದರೆ ಮನುವಿಗೆ ಇನ್ನೊಬ್ಬ ಮಾವಶಿಯನ್ನು ಎಲ್ಲಿಂದ ತರುವುದು?

ಆಕೆ ಹೋದ ವಾರವೇ ಸುನಂದಾಳಿಗೆ ಆಜ್ಞೆ ಬಂತು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಹಾಜರಾಗಬೇಕೆಂದು. ಮಾಸ್ತರರಿಗೆ ಸೂಟಿಯಲ್ಲಿ ಇಂಥದ್ದು ಬರುತ್ತದೆಂಬುದು ನನ್ನ ತೀರ್ಪಿನಲ್ಲಿ ಸೇರಿರಲಿಲ್ಲ. ಮಾವಶಿಯ ಅರ್ಧ ಪಗಾರ ಉಳಿಸಿದ ನಾನು, ಕೂಡಿಟ್ಟ ಗಳಿಕೆ ರಜೆಯನ್ನು ಮುರಿದು ಮನೆಯಲ್ಲಿ ಕೂತೆ.

ಮೊದಲ ದಿನ ಮನು ನಾನು ಕಲಸಿದ ಅನ್ನ ನೋಡಿ, "ಅಪ್ಪಾ ನಕೋ, ಮಾವಶಿ ಪಾಹಿಜೆ" ಎಂದು ಬಾಯಿ ಮುಚ್ಚಿಕೊಂಡ. ಅಪ್ಪ ಬೇಡ, ಮಾವಶಿ ಬೇಕು. ಬೇಡಿಕೆ ಬರೋಬರ್ ಇತ್ತು, ಪೂರೈಸುವುದು ನನ್ನ ಕೈಲಿರಲಿಲ್ಲ. ಆದ್ದರಿಂದ ಸಂಧಾನಕ್ಕಿಳಿದೆ: ತುತ್ತಿಗೊಂದು ಪೆಪ್ಪರ್‌ಮಿಂಟ್. ಮರುದಿನದಿಂದ ಅವನು ಮೊದಲು ಅಂಗೈ ಒಡ್ಡಿ, ಅದರಲ್ಲಿ ಪೆಪ್ಪರ್‌ಮಿಂಟ್ ಬಿದ್ದ ಮೇಲೆಯೇ ಬಾಯಿ ತೆರೆಯತೊಡಗಿದ. ಮಧ್ಯಾಹ್ನದ ನಿದ್ದೆ ಇನ್ನೂ ಕಷ್ಟವಾಯಿತು. ಒಂದು ದಿನ ಸ್ಕೂಟರಿನ ಮೇಲೆ ಓಣಿ ಸುತ್ತಿಸಿದಾಗ ತೂಕಡಿಸಿದ್ದ. ಅಂದಿನಿಂದ ಸ್ಕೂಟರಿನ ಹೊರತು ನಿದ್ದೆಯಿಲ್ಲ. ಹೊರಗೆ ಬೆಂಕಿಯಂಥ ಗಾಳಿ. ಹಾಗಾಗಿ ಮಹಾಲ್ ಬಡಾವಣೆಯಲ್ಲಿ ನಾವು ಬಾಡಿಗೆಗಿದ್ದ ಹಳೆಯ ವಾಡೆಯ ಮೆಟ್ಟಿಲ ಕೆಳಗೆ ಸ್ಕೂಟರ್ ನಿಲ್ಲಿಸಿಯೇ, ಅವನನ್ನು ಮುಂದೆ ಕೂರಿಸಿಕೊಂಡು, ನಾನು ಬಾಯಿಯಿಂದ 'ಭುರ್ರ್' ಎನ್ನುತ್ತಿದ್ದೆ. ನಿಲ್ಲಿಸಿದರೆ ಕಣ್ಣು ತೆರೆಯುತ್ತಿದ್ದ. ತುಟಿ ಮರಗಟ್ಟಿದರೂ ಗಾಡಿ ಓಡಲೇಬೇಕು. ನಲ್ಲಿಯ ನೀರಿಗೆ ಬಂದ ಮನೆಯೊಡತಿ ಒಮ್ಮೆ ಅಲ್ಲೇ ನಿಂತು ನನ್ನನ್ನು ನೋಡಿ, ಕೊಡವನ್ನೂ ತುಂಬಿಸದೆ ಹೊರಟುಹೋದಳು.

ಸೂಟಿ ಮುಗಿಯಿತು. ಶಾಲೆ ತೆರೆಯುವ ದಿನ ನಾನು ಕಿಟಕಿಯಲ್ಲಿ ನಿಂತೇ ಇದ್ದೆ. ಓಣಿಯ ತಿರುವಿನಲ್ಲಿ ಮಾವಶಿಯ ಹಸಿರು ಸೀರೆ ಕಂಡಾಗ ಆದ ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ. ಮನು ಮೆಟ್ಟಿಲಲ್ಲೇ ಅವಳ ಕೊರಳಿಗೆ ಜೋತುಬಿದ್ದ.

ಸಂಜೆ ನಾನು ಕಚೇರಿಯಿಂದ ಬಂದಾಗ ಮಾವಶಿ ಹೊರಟಿರಲಿಲ್ಲ. ಸುನಂದಾಳ ಪಕ್ಕದಲ್ಲೇ ಕೂತಿದ್ದಳು, ನನಗಾಗಿ. ತನ್ನ ಅರೆ ಮರಾಠಿ ಹಿಂದಿಯಲ್ಲಿ ವಿಚಾರಣೆ ಶುರುಮಾಡಿದಳು: ಈ ಹುಡುಗನಿಗೆ ಲಂಚ ಕಲಿಸಿದವರು ಯಾರು? ಮಲಗು ಎಂದರೆ 'ಭುರ್ರ್ ಮಾಡು' ಅನ್ನುತ್ತಾನೆ, ಅದೇನು? ನಾನು ಕೂಲರಿನ ಕಡೆ ನೋಡಿದೆ. ಮಾವಶಿ ಮುಂದುವರಿದಳು: ಹುಡುಗನನ್ನು ಸಾಕುವುದು ಒಂದು ಕೆಲಸ, ಕೆಟ್ಟಿದ್ದನ್ನು ದುರಸ್ತಿ ಮಾಡುವುದು ಬೇರೆ ಕೆಲಸ, ಅದಕ್ಕೆ ಪಗಾರ ಬೇರೆ. ಸೂಟಿಯ ಉಳಿದ ಅರ್ಧವೂ ಸೇರಬೇಕು.

"ಕೊಡೂಣು," ಎಂದಳು ಸುನಂದಾ, ನನ್ನನ್ನು ಕೇಳದೆಯೇ. "ಮುಂದಿನ ಸೂಟಿಗೂ ಪೂರ್ತಿ ಕೊಡೂಣು. ನಾ ಮನ್ಯಾಗಿದ್ರೂ ಬಾ. ಇವರ ಕೈಯಾಗ ಮಾತ್ರ ಹುಡುಗ ಸಿಗಬಾರ್ದು." ಆಮೇಲೆ ಅದನ್ನೇ ಹಿಂದಿಗೆ ತಿರುಗಿಸಿ, ನಗುತ್ತ ಮಾವಶಿಯನ್ನು ಕೇಳಿದಳು, "ಔರ್ ಸಾಹೇಬ್ ಕಾ ಕ್ಯಾ ಕರೇ?" ಸಾಹೇಬರನ್ನು ಏನು ಮಾಡೋಣ?

ಮಾವಶಿ ಚಪ್ಪಲಿ ಮೆಟ್ಟುತ್ತ ಸ್ವಲ್ಪ ಯೋಚಿಸಿದಳು. "ಸಾಹೇಬ್ ಕೋ ಛುಟ್ಟಿ ದೇ ದೋ ಬಾಯಿ," ಎಂದಳು. "ಆಧಾ ಪಗಾರ್ ಪೇ."

ಆ ತಿಂಗಳು ನನ್ನ ಕೈಖರ್ಚು ಅರ್ಧ ಬಂತು. ಅರ್ಧ ಪಗಾರದ ರಜೆಯ ನಿಯಮ ನನ್ನದೇ ಆಗಿದ್ದರಿಂದ ಅಪೀಲಿಗೆ ಹೋಗಲಿಲ್ಲ.