ಜ್ವರಕ್ಕೆ ಕೂತ ಟ್ರ್ಯಾಕ್ಟರ್

ಹಾರುಬಂಡಿ ಗೇಮ್ಸ್ ಕಂಪನಿಯ ಮುಂಗಡ ಬುಕಿಂಗ್ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಶಿಡ್ಲಘಟ್ಟದ ಮುರಳಿಮೋಹನ್ ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ಹಿಪ್ಪುನೇರಳೆ ಸೊಪ್ಪು ಹುಲುಸಾಗಿದೆ, ಹುಳುಗಳು ಹೊಟ್ಟೆತುಂಬ ತಿನ್ನುತ್ತಿವೆ, ನಾನೊಬ್ಬ ಮಾತ್ರ ಸ್ವಲ್ಪ ಸಪ್ಪಗಿದ್ದೇನೆ. ತಾವೂ ತಮ್ಮ ಪರಿವಾರವೂ, ವಿಶೇಷವಾಗಿ ಬಿಡುಗಡೆಯ ದಿನಾಂಕ ನಿಗದಿ ಮಾಡುವ ಆ ಹರ್ಷಚಿತ್ತ ಮಹನೀಯರೂ, ಕ್ಷೇಮವೆಂದು ನಂಬಿದ್ದೇನೆ.

ತಮಗೆ ನನ್ನ ಪರಿಚಯವಿರಲಾರದು. ನಾನು ಚಾಕಿ ಕೇಂದ್ರ ನಡೆಸುವವನು. ಅಂದರೆ ರೇಷ್ಮೆ ಮೊಟ್ಟೆ ಒಡೆದಲ್ಲಿಂದ ಎರಡನೇ ಜ್ವರ ಕಳೆಯುವವರೆಗೆ ಹುಳುಗಳನ್ನು ಸಾಕಿ, ಮೊದಲೇ ಬುಕ್ ಮಾಡಿದ ರೈತರ ಮನೆಗೆ ಮುಟ್ಟಿಸುವವನು. ಹುಳು ಪೊರೆ ಬಿಡುವುದನ್ನೇ ನಾವು ಜ್ವರ ಎನ್ನುತ್ತೇವೆ. ಇಪ್ಪತ್ತು ವರ್ಷ ಮುಂಗಡ ಬುಕಿಂಗಿನಲ್ಲೇ ಉಂಡು ಉಟ್ಟವನಿಗೆ ಮುಂಗಡ ಬುಕಿಂಗ್ ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಅದನ್ನು ಇಳಿಸಿಕೊಟ್ಟದ್ದಕ್ಕೆ ಮೊದಲ ವಂದನೆ.

ಜನವರಿಯಲ್ಲಿ ತಾವು ‘ಟ್ರ್ಯಾಕ್ಟರ್ ಟಕ್ಕರ್’ ಎಂಬ ವಿಡಿಯೋ ಆಟ ಏಪ್ರಿಲ್ ಹತ್ತಕ್ಕೆ ಬರುವುದೆಂದೂ, ಒಂದೇ ಟಿವಿಯ ಮುಂದೆ ಇಬ್ಬರು ಕೂತು ಆಡಬಹುದೆಂದೂ, ಮೊದಲೇ ಬುಕ್ ಮಾಡಿದವರಿಗೆ ಚಿನ್ನದ ಬಣ್ಣದ ಟ್ರ್ಯಾಕ್ಟರ್ ಉಚಿತವೆಂದೂ ಪ್ರಕಟಿಸಿದಿರಿ. ನನ್ನ ಮಗಳು ಮೌನಿಕಾ ಆಗ ಎಸ್ಸೆಸ್ಸೆಲ್ಸಿ. ಜೂನ್‌ನಿಂದ ಚಿಕ್ಕಬಳ್ಳಾಪುರದಲ್ಲಿ ಕಾಲೇಜು, ಹಾಸ್ಟೆಲು. ಅವಳು ಆರು ವರ್ಷದವಳಿದ್ದಾಗಿನಿಂದ ಸಂಜೆ ಹೊತ್ತು ಪಕ್ಕಪಕ್ಕ ಕೂತು ಟಿವಿಯಲ್ಲಿ ಬಂಡಿ ಓಡಿಸಿದವರು ನಾವು. ನಮ್ಮಿಬ್ಬರಿಗೆ ಇದು ಕೊನೆಯ ದೊಡ್ಡ ರಜೆ ಎಂಬುದು ನನಗೆ ಗೊತ್ತಿತ್ತು, ಅವಳಿಗೆ ಹೇಳಿರಲಿಲ್ಲ. ಪೂರ್ತಿ ದುಡ್ಡು ಕಟ್ಟಿಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಹೊಸ ರಿಮೋಟೊಂದನ್ನೂ ತಂದಿಟ್ಟೆ. ‘ಡೌನ್‌ಲೋಡ್ ಆಗೋ ಆಟ ಕಣಪ್ಪ, ಸ್ಟಾಕ್ ಮುಗಿಯಲ್ಲ, ಬಂದ್ಮೇಲೆ ನೋಡಿ ತಗೊಳಣ’ ಎಂದು ಅವಳು ಹೇಳಿದ್ದು ನಿಜ. ಆದರೆ ಬುಕ್ ಮಾಡದ ರೈತ ಹುಳು ಸಿಗದೆ ಬರಿಗೈಲಿ ಹೋಗುವುದನ್ನು ಕಂಡ ನಾನು, ಚಿಂತಾಮಣಿ, ಗೌರಿಬಿದನೂರಿನವರೆಲ್ಲ ಮೊದಲೇ ಬಾಚಿಕೊಂಡುಬಿಟ್ಟರೆ ಗತಿಯೇನೆಂದು ಹೆದರಿದೆ. ಮುಗಿಯಲಾರದ ವಸ್ತು ಮುಗಿದುಹೋದೀತೆಂದು ದುಡ್ಡು ಕಟ್ಟಿದ ಜಾಣ ತಾಲ್ಲೂಕಿಗೆ ನಾನೊಬ್ಬನೇ ಇರಬೇಕು.

ಏಪ್ರಿಲ್ ಹತ್ತು ಮೇ ಹದಿನೈದಾಯಿತು, ಮೇ ಹದಿನೈದು ಜೂನ್ ಇಪ್ಪತ್ತಾಯಿತು. ಪ್ರತಿ ಸಲವೂ ‘ಗುಣಮಟ್ಟಕ್ಕಾಗಿ’ ಎಂದು ತಾವು ಬರೆದ ಕ್ಷಮಾಪತ್ರ ಎಷ್ಟು ಸೊಗಸಾಗಿತ್ತೆಂದರೆ, ನಮ್ಮಲ್ಲಿ ಹುಳು ಒಂದು ದಿನ ತಡವಾದಾಗ ಅದನ್ನೇ ನಮ್ಮ ಹಳೆಯ ಗಿರಾಕಿ ಅಮ್ಮಾಜಮ್ಮನವರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, ‘ಗುಣಮಟ್ಟ ನೀನೇ ಇಟ್ಕೊ ನಾಯನಾ, ನನ್ ಸೊಪ್ಪು ಬಲ್ತೋಗ್ತೈತೆ, ಹುಳು ಕೊಡು’ ಎಂದರು. ಆಮೇಲೆ ಆಟದ ಕಥೆಯನ್ನೂ ಕೇಳಿ, ‘ನೋಡ್ದೇನೇ ಪೂರ್ತಿ ಕೊಟ್ಬಿಟ್ಯಾ? ನಿನ್ ತಟ್ಟೇಲಿ ಹುಳು ನೋಡ್ದೆ ನಾನು ಯಾವತ್ತಾದ್ರೂ ಗಂಟು ಬಿಚ್ಚಿದೀನಾ?’ ಎಂದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಿಚ್ಚಿಲ್ಲ.

ಜೂನ್ ಐದಕ್ಕೆ ಮೌನಿಕಾ ಹೋದಳು. ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆ. ಸಂಜೆಯಾದರೆ ಅದೂ ದೂರವೇ. ಇಪ್ಪತ್ತಕ್ಕೆ ತಮ್ಮ ಆಟ ಇಳಿಯತೊಡಗಿ ನಲವತ್ತೆರಡು ಪರ್ಸೆಂಟಿಗೆ ಬಂದು ನಿಂತಿತು. ಜ್ವರಕ್ಕೆ ಕೂತ ಹುಳು ತಲೆಯೆತ್ತಿಕೊಂಡು, ಸೊಪ್ಪು ಮುಟ್ಟದೆ, ಒಂದು ದಿನ ಅಲುಗಾಡದೆ ಇರುತ್ತದೆ. ಆಗ ಅದನ್ನು ಕೆಣಕಬಾರದು. ಹುಟ್ಟುಗುಣ ಸುಟ್ಟರೂ ಹೋಗದು, ಕಸುಬಿನ ಗುಣವೂ ಹಾಗೆಯೇ. ಟಿವಿಯ ಹತ್ತಿರ ಯಾರೂ ಸುಳಿಯಕೂಡದೆಂದು ತಾಕೀತು ಮಾಡಿ, ನಮ್ಮ ತಾಯಿಯ ಧಾರಾವಾಹಿಯನ್ನೂ ತಪ್ಪಿಸಿ, ಮರುದಿನ ಸಂಜೆಯವರೆಗೆ ಕಾದೆ. ಹುಳುವಿಗೆ ಹಾಕುವಂತೆ ಸುಣ್ಣ ಉದುರಿಸುವುದೊಂದು ಬಾಕಿಯಿತ್ತು. ಕೊನೆಗೆ ಮೌನಿಕಾಳೇ ಫೋನಿನಲ್ಲಿ ನಕ್ಕು, ‘ಜ್ವರ ಅಲ್ಲಪ್ಪ, ಒಳಗೆ ಜಾಗ ಇಲ್ಲ, ಹಳೇ ಆಟ ಅಳಿಸ್ಬೇಕು’ ಎಂದಳು.

ಹಳೇ ಆಟದಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಹತ್ತು ವರ್ಷದ ಓಟಗಳಿದ್ದವು. ಅಳಿಸಿದೆ. ತಮ್ಮ ಆಟ ತೆರೆದರೆ ಚಿನ್ನದ ಟ್ರ್ಯಾಕ್ಟರ್ ಫಳಫಳ ಹೊಳೆಯುತ್ತ ನಿಂತಿತ್ತು. ಇಬ್ಬರು ಆಡುವ ವ್ಯವಸ್ಥೆಯ ಮೇಲೆ ‘ಶೀಘ್ರದಲ್ಲೇ’ ಎಂದು ಬರೆದಿತ್ತು. ಎರಡೇ ತಿಂಗಳಿಗೆ ಅದೇ ಆಟ, ಅದೇ ಚಿನ್ನದ ಟ್ರ್ಯಾಕ್ಟರ್ ಸಮೇತ, ಕಾದು ನೋಡಿದವರಿಗೆಲ್ಲ ಅರ್ಧ ಬೆಲೆಗೆ ಸಿಕ್ಕಿತು. ನನಗೆ ಹೊಟ್ಟೆ ಉರಿಯಿತು ಮಾನ್ಯರೇ, ಅರ್ಧ ತಮ್ಮ ಮೇಲೆ, ಅರ್ಧ ನನ್ನ ಮೇಲೆ.

ದುಡ್ಡು ವಾಪಸ್ ಬೇಡ. ಏಪ್ರಿಲ್ ಹತ್ತರಿಂದ ಮೌನಿಕಾ ಹೊರಡುವವರೆಗಿನ ಐವತ್ತಾರು ಸಂಜೆಗಳನ್ನು, ಕಂತಿನಲ್ಲಾದರೂ ಸರಿ, ದಯವಿಟ್ಟು ಮರಳಿಸಿ. ಚಿನ್ನದ ಟ್ರ್ಯಾಕ್ಟರನ್ನು ತಾವೇ ಬಂದು ಒಯ್ಯಬಹುದು. ಗೊಬ್ಬರ ಹೊಡೆಯಲು ಅದು ಬರುವುದಿಲ್ಲ. ಜೊತೆಗೆ ತಮ್ಮ ದಿನಾಂಕದ ಮಹನೀಯರನ್ನು ಒಂದು ಬೆಳೆಯ ಮಟ್ಟಿಗೆ ನಮ್ಮ ಕೇಂದ್ರಕ್ಕೆ ಕಳಿಸಿಕೊಡಿ. ಊಟ ನಮ್ಮದು, ಪಾಠ ಹುಳುಗಳದ್ದು.

ತಮ್ಮ ವಿಶ್ವಾಸಿ,
ಮತ್ತು ಆ ವಿಶ್ವಾಸಕ್ಕೆ ತಕ್ಕ ಶಾಸ್ತಿ ಅನುಭವಿಸಿದ,
ಮುರಳಿಮೋಹನ್

ತಾ.ಕ.: ಆಟದ ಹೊಸ ಆವೃತ್ತಿಗೆ ಮುಂಗಡ ಬುಕಿಂಗ್ ಶುರುವೆಂದು ತಮ್ಮ ಸಂದೇಶ ಬಂದಿದೆ, ಇಬ್ಬರು ಆಡುವುದು ಈ ಸಲ ಖಂಡಿತವಂತೆ, ದಸರಾ ರಜೆಗೆ ಖಂಡಿತವಂತೆ. ಮೌನಿಕಾ ರಜೆಗೆ ಬರುತ್ತಾಳೆ. ಇನ್ನು ಮೇಲೆ ನೋಡದೆ ಬುಕ್ ಮಾಡುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಆದ್ದರಿಂದ ನಾನು ಈಗತಾನೇ ಕಟ್ಟಿದ ದುಡ್ಡಿನ ರಸೀದಿಯನ್ನು ಅವಳ ಮೊಬೈಲಿಗೆ ಕಳಿಸಬೇಡಿ. ಬುಕಿಂಗನ್ನು ಅಮ್ಮಾಜಮ್ಮನವರ ಹೆಸರಿನಲ್ಲಿ ಮಾಡಿದ್ದೇನೆ. ಒಂದು ದಿನ ತಡವಾದರೂ ವಿಚಾರಿಸಲು ಅವರೇ ಬರುತ್ತಾರೆ.