“ಹೊನ್ನಾ...” ಎಂದು ಸತ್ತ ಪೆಟ್ಟಿಗೆಯ ಕುರಿತು ಕಂಪೈಲರ್ ಸಾಹೇಬರಿಗೆ

ಪರಮ ಮಾನ್ಯರೂ ಸದಾ ಮೌನಿಗಳೂ ಆದ ಕಂಪೈಲರ್ ಸಾಹೇಬರೇ,

ನ್ಯಾಮತಿಯ ಬಸ್‌ಸ್ಟ್ಯಾಂಡ್ ಎದುರು ರೇಡಿಯೋ, ಮಿಕ್ಸಿ ರಿಪೇರಿ ಮಾಡುವ ಪ್ರಮೀಳಾ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಂಪ್ಯೂಟರಿನೊಳಗೆ ಕೂತು, ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಅಸೆಂಬ್ಲಿ ಸಾಲುಗಳಾಗಿ ಇಳಿಸಿಕೊಡುವ ತಮ್ಮ ವಿದ್ಯೆಗೆ ಲೋಕವೇ ಋಣಿ. ನಾನು ಮಾತ್ರ ಈಚೆಗೆ ಸ್ವಲ್ಪ ಕಡಿಮೆ ಋಣಿ.

ನಮ್ಮ ದೊಡ್ಡಮ್ಮ ಸುಂಕಲಮ್ಮನವರಿಗೆ ಕಣ್ಣು ಕಾಣುವುದಿಲ್ಲ. ಊರೂರಿನ ಭಜನಾ ಮಂಡಳಿಗಳಿಗೆ ಹೋಗಿ ಹಾರ್ಮೋನಿಯಂ ಶ್ರುತಿ ಸರಿಮಾಡುವವರು. ಚನ್ನಗಿರಿಗೆ ಹೊರಟಿದ್ದ ಅವರನ್ನು ಯಾರೋ ತಮಾಷೆಗೆಂದು ಬೇರೆ ಬಸ್ಸು ಹತ್ತಿಸಿ, ಅವರು ಜಗಳೂರಿನಲ್ಲಿ ಇಳಿದು ಪರದಾಡಿದ ಮೇಲೆ, ಬಸ್ಸಿನಿಂದ ಬರುವ ನಂಬರಿನ ರೇಡಿಯೋ ಸಂಕೇತ ಹಿಡಿದು ಊರಿನ ಹೆಸರು ಕೂಗುವ ಪೆಟ್ಟಿಗೆಯೊಂದನ್ನು ಮಾಡಿದೆ. ತಮ್ಮ ಸಾಲುಗಳು ಅಡಕವಾಗಿಟ್ಟ ಧ್ವನಿಯನ್ನು ಎಷ್ಟು ನಿಧಾನ ಗಾಂಭೀರ್ಯದಿಂದ ಬಿಡಿಸುತ್ತಿದ್ದವೆಂದರೆ, ಪೆಟ್ಟಿಗೆ ಕೂಗುತ್ತಿದ್ದದ್ದು ಬಸ್ಸು ಹೋದ ಮೇಲೆ.

“ಇದು ಹೇಳಾದ್ರೊಳಗೆ ಬಸ್ಸು ಊರೇ ಮುಟ್ಟಿರ್ತೈತೆ ಕಣೇ” ಎಂದರು ದೊಡ್ಡಮ್ಮ.

ಆದ್ದರಿಂದ ಚುರುಕುಮಾಡಲೆಂದು ತಮ್ಮ ಅಸೆಂಬ್ಲಿಗೆ ನಾನೇ ಕೈಹಾಕಿದೆ. ಪೆಟ್ಟಿಗೆ ಚುರುಕಾಗಿ “ಹೊನ್ನಾ...” ಎಂದು, ಊರಿನ ಹೆಸರು ಮುಗಿಸುವ ಮೊದಲೇ ಪ್ರಾಣಬಿಟ್ಟಿತು. ತಿದ್ದಿ ಮತ್ತೆ ತಮ್ಮ ಬಳಿ ಬಂದರೆ, ತಾವು ಎಲ್ಲವನ್ನೂ ಹೊಸದಾಗಿ ಬರೆದು ನನ್ನ ತಿದ್ದುಪಡಿಗಳನ್ನು ನಿಷ್ಠೆಯಿಂದ ಅಳಿಸಿಹಾಕಿದಿರಿ. ಕಡೆಗೆ ತಮ್ಮನ್ನು ದೂರವಿಟ್ಟು, ಯಂತ್ರವನ್ನು ಒಂದೊಂದೇ ಸಾಲು ನಡೆಸಿ ನೋಡಿದಾಗ ಗುಟ್ಟು ತಿಳಿಯಿತು: ಸ್ಟ್ಯಾಕ್ ಎಂಬ ರಾಶಿಯ ಮೇಲೆ ನಾನು ಇಟ್ಟ ಬಸ್ಸಿನ ನಂಬರನ್ನು ಇಳಿಸಿಯೇ ಇರಲಿಲ್ಲ. ಕೆಲಸ ಮುಗಿಸಿ ಮರಳಬೇಕಾದ ಸಾಲಿನ ವಿಳಾಸಕ್ಕೆಂದು ಯಂತ್ರ ಅಲ್ಲಿ ಕೈಯಿಟ್ಟರೆ ಸಿಕ್ಕಿದ್ದು ಆ ನಂಬರು. ಅದನ್ನೇ ವಿಳಾಸವೆಂದು ನಂಬಿ ಎಲ್ಲಿಗೋ ಹೊರಟುಹೋಯಿತು. ಮುಂದೆ ಇಂಥದ್ದು ಕಂಡಾಗ ತಾವು ದಯಮಾಡಿ ಒಮ್ಮೆ ಕೆಮ್ಮಬೇಕೆಂದು ಪ್ರಾರ್ಥನೆ.

ನಂಬರು ಇಳಿಸುವ ಸಾಲು ಸೇರಿಸಿದೆ. ನಿನ್ನೆ ಬಸ್ಸು ಇನ್ನೂ ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಪೆಟ್ಟಿಗೆ “ಚನ್ನಗಿರಿ” ಎಂದಿತು. ದೊಡ್ಡಮ್ಮ ಯಾರನ್ನೂ ಕೇಳದೆ ಹತ್ತಿ ಕೂತು, ಕಿಟಕಿಯಿಂದ ಕೂಗಿದರು: “ಹಿಂದೆ ಬರಾಕೆ ಹೋಗಬ್ಯಾಡ, ಅಂಗಡಿ ನೋಡ್ಕೊ ಹೋಗು!” ಬಸ್ಸು ಮರೆಯಾಗುವವರೆಗೂ ನಾನು ಅಲ್ಲಿಯೇ ನಿಂತಿದ್ದೆ. ಆಗ ನನಗೇನಾಯಿತೆಂದು ಬರೆದರೆ ತಾವು ಅದನ್ನು ದೋಷವೆಂದು ತಿರಸ್ಕರಿಸುವಿರಿ, ಬಿಟ್ಟುಬಿಡುತ್ತೇನೆ.

ಬೇರೆ ಗತಿಯಿಲ್ಲದ್ದರಿಂದ ಈಗಲೂ
ತಮ್ಮ ವಿಶ್ವಾಸಿ,
ಪ್ರಮೀಳಾ

ಮರೆತ ಮಾತು: ಸಾಲುಗಳನ್ನು ತಾವಾಗಿಯೇ ಚುರುಕುಗೊಳಿಸುವ ಆಯ್ಕೆಯೊಂದು ಮೊದಲಿನಿಂದಲೂ ತಮ್ಮಲ್ಲಿತ್ತು, ಕೇಳಿದ್ದರೆ ಸಾಕಿತ್ತು ಎಂದು ಈ ಬೆಳಿಗ್ಗೆ ತಿಳಿಯಿತು. ಈ ವಿಷಯ ದೊಡ್ಡಮ್ಮನಿಗೆ ಹೇಳಿಲ್ಲ, ತಾವಂತೂ ಹೇಳುವವರಲ್ಲ.